ಎರಡು ಗಾಲಿಗೆ ಎರಡು ಬರಗಾಲ

ನಮ್ಮ ಕಾಕಾ ಒಂದು ಸೈಕಲ್ಲಿಗೆ ಎರಡು ಗಾಲಿ ಕೊಳ್ಳಲು ಎರಡು ಬರಗಾಲ ತೆಗೆದುಕೊಂಡರು! ಗಾಲಿಗೊಂದು ಬರ. ಮೂರು ಗಾಲಿಯ ರಿಕ್ಷಾ ಏನಾದರೂ ಅವರ ಕೈಗೆ ಸಿಕ್ಕಿದ್ದರೆ ನಮ್ಮ ಸೀಮೆಯ ಗತಿ ಏನಾಗುತ್ತಿತ್ತೋ! ನೆನೆಸಿಕೊಂಡರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಬಾಜಾರದಲ್ಲಿ ಅವರದು ಅಡತಿ ಅಂಗಡಿ. ರೈತರು ತಂದ ತೊಗರಿ, ಜೋಳ, ಕಡಲೆಯನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವುದು ಕೆಲಸ. ಹಣೆಗೆ ವಿಭೂತಿ, ಹೆಗಲಿಗೆ ಟವೆಲು, ಬಾಯಿ ತುಂಬ ಮಾತು. ಮಕ್ಕಳಿಲ್ಲ. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಬರದ ಮೊದಲ ವರ್ಷ ಅಂಗಡಿಗೆ ಅರ್ಧ ಮಾಲು ಬಂತು, ಎರಡನೆಯ ವರ್ಷ ಅದೂ ಬರಲಿಲ್ಲ. ಆದರೂ ಕಾಕಾ ದಿನಾ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು, ಗಾದಿ ಝಾಡಿಸಿ, ಬಾರದ ಮಾಲಿನ ದಾರಿ ನೋಡುತ್ತ ಕೂಡುತ್ತಿದ್ದರು.

ಆ ಮೊದಲ ಬರದಲ್ಲೇ ಸಿಕ್ಕಿತು ನೋಡಿ ಸೈಕಲ್ಲು! ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಸಾಹೇಬರೊಬ್ಬರು ಹೊಟ್ಟೆ ಕರಗಿಸಲೆಂದು ಗುಡ್ಡ ಹತ್ತುವ ಗೇರ್ ಸೈಕಲ್ಲು ತಂದಿದ್ದರು. ಯಾರೋ ಪುಣ್ಯಾತ್ಮರು ಅದರ ಎರಡೂ ಗಾಲಿ ಬಿಚ್ಚಿಕೊಂಡು ಹೋದರು. ಸಾಹೇಬರಿಗೆ ವರ್ಗವಾದಾಗ ಉಳಿದ ಅಸ್ಥಿಪಂಜರವನ್ನು ಕಾಕಾನಿಗೆ ಒಪ್ಪಿಸಿ ಕೈಮುಗಿದರು. ಕಾಕಾ ಅದನ್ನು ಅಂಗಡಿಯ ತಕ್ಕಡಿಯ ಕೊಕ್ಕೆಗೆ ತೂಗುಹಾಕಿ, ತೂಕ ನೋಡಿ, ನನಗೆ ಫೋನು ಮಾಡಿದರು. "ತಮ್ಮಾ, ಗಾಲಿ ಇಲ್ಲದೇನೇ ಹನ್ನೊಂದು ಕಿಲೋ ಅದ! ಮಾಲು ಖರೇ ಅದ!"

ಗಾಲಿ ಯಾಕೆ ಬೇಕಿತ್ತು? ನೀರಿಗೆ. ನಳದ ನೀರು ನಿಂತು ತಿಂಗಳುಗಳಾಗಿದ್ದವು, ಟ್ಯಾಂಕರು ಬಂದರೆ ಬಂತು. ಊರಾಚೆಯ ಕಲ್ಲುದಾರಿಯಲ್ಲಿ ಎರಡು ಮೈಲು ಹೋದರೆ ಒಂದು ಬಾವಿ. ಹರೆಯದವರು ಗಾಡಿಗಳ ಮೇಲೆ ಕ್ಯಾನು ಕಟ್ಟಿಕೊಂಡು ಹೋಗಿ ತರುತ್ತಿದ್ದರು. ಪಕ್ಕದ ಮನೆಯಾಕೆ ಕಾಕಾನಿಗೆ ದಿನಾ ಒಂದು ಕೊಡ ಕೊಡುತ್ತಿದ್ದಳು. ಅದೇ ಅವರಿಗೆ ಸಹಿಸಲಾಗದ ಸಂಗತಿ.

"ಲಿಂಗಪೂಜಿ ನೀರೂ ಮಂದಿ ಕೊಡಬೇಕೇನು? ದಪ್ಪ ಟಾಯರಿನ ಗಾಲಿ ಎರಡು ಸಿಕ್ಕರ ಸಾಕು, ಯಾರ ಮುಂದೂ ಕೈ ಒಡ್ಡೂದಿಲ್ಲ ನಾ."

ಮಾತು ಚೆನ್ನಾಗಿಯೇ ಇತ್ತು. ಆದರೆ ಗಾಲಿ ಸಸ್ತಾ ಇರಬೇಕು, ಗಟ್ಟಿ ಇರಬೇಕು, ಹಗುರ ಇರಬೇಕು! ಈ ಮೂರೂ ಒಂದರಲ್ಲೇ ಬೇಕೆನ್ನುವವರು ಕನ್ಯೆ ನೋಡಲು ಹೋದರೂ ಬರಿಗೈಯಲ್ಲೇ ಬರುತ್ತಾರೆ.

ಮೊದಲು ಉಮರ್ಗಾದಲ್ಲಿ ಟಾಯರು ಸಸ್ತಾ ಸಿಕ್ಕಿತೆಂದು ಎರಡು ಟಾಯರು ಕೊಂಡರು. ಗಾಲಿ ಇನ್ನೂ ಇಲ್ಲ, ಟಾಯರು ಬಂದಾಯಿತು! ಇಪ್ಪತ್ತಾರು ಇಂಚು ಎಂದು ಅದರ ಮೇಲೇ ಬರೆದಿತ್ತು, ಸೈಕಲ್ಲಿಗೆ ಬೇಕಾದದ್ದೂ ಇಪ್ಪತ್ತಾರೇ. ಅವನ್ನು ಹೂವಿನ ಹಾರದಂತೆ ಹೆಗಲಿಗೆ ಹಾಕಿಕೊಂಡು, ಅಸ್ಥಿಪಂಜರವನ್ನು ಎತ್ತಿಕೊಂಡು, ಗಾಲಿ ಹುಡುಕಲು ನಾನಿದ್ದ ನಿಲಂಗಾದ ಎಸ್‌ಟಿ ಬಸ್ಸು ಹತ್ತಿದರು. ಕಂಡಕ್ಟರು ಮರಾಠಿ ಬೆರೆಸಿ, ಇದೇನೆಂದು ತಡೆದ.

"ಕಾಯ್ ಕಾಕಾ, ಹೇ ಕಾಯ್? ಲಗೇಜಿನ ತಿಕೀಟ ತಗೋರಿ."

"ಯಾತರ ತಿಕೀಟ? ಎರಡೂ ಕಾಲಿಲ್ಲದವರಿಗೆ ನಿಮ್ಮ ಬಸ್ಸಿನಾಗ ಸವಲತ್ತು ಅದಲ್ಲ, ಇದಕ್ಕೂ ಕೊಡು!"

ಇಡೀ ಬಸ್ಸು ನಕ್ಕಿತಂತೆ. ಕಂಡಕ್ಟರು ಮಾತ್ರ ಪೂರಾ ದುಡ್ಡಿನ ತಿಕೀಟೇ ಹರಿದನಂತೆ.

ನಿಲಂಗಾದಲ್ಲಿ ನಾನು ಮಾಸ್ತರ. ಮದುವೆಯಿಲ್ಲ, ಒಂದು ಖೋಲಿ, ಒಂದು ಸ್ಟೋವು, ಒಂದು ಕೊಡ. ಕಾಕಾನ ಜೊತೆ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವ ಗೇರ್ ಸೈಕಲ್ಲಿನ ಗಾಲಿ ತೆಗೆದು ಟಾಯರು ತೊಡಿಸಿದ. ಅಣ್ಣನ ಅಂಗಿ ತಮ್ಮನಿಗೆ ತೊಡಿಸಿದಂತೆ ಸುತ್ತಲೂ ಜೋತುಬಿತ್ತು!

"ಕಾಕಾ, ಇದು ಸಾದಾ ಸೈಕಲ್ಲಿನ ಇಪ್ಪತ್ತಾರು. ಗೇರ್ ಸೈಕಲ್ಲಿನ ಇಪ್ಪತ್ತಾರು ಬ್ಯಾರೆ, ಸಣ್ಣದು" ಎಂದ.

"ಇಪ್ಪತ್ತಾರು ಅಂದ್ರ ಇಪ್ಪತ್ತಾರು! ಅದರಾಗ ಸಣ್ಣದು ದೊಡ್ಡದು ಏನ್ ಬಂತು? ನಮ್ಮ ಬಾಜಾರದಾಗ ಹಿಂಗ ನಡೆಯೂದಿಲ್ಲ!"

"ತೊಗರಿನೂ ಕ್ವಿಂಟಲ್, ಹತ್ತಿನೂ ಕ್ವಿಂಟಲ್. ಎರಡೂ ಒಂದೇ ಚೀಲದಾಗ ಹಿಡಿತಾವೇನ್ರೀ ಕಾಕಾ?"

ಜೀವಮಾನದಲ್ಲಿ ಮೊದಲ ಸಲ ಕಾಕಾ ಮಾತಿಗೆ ಸೋತದ್ದನ್ನು ಕಂಡೆ. ಆ ಸಿಟ್ಟಿಗೆ ಗಾಲಿಯಲ್ಲಿ ತಪ್ಪು ಹುಡುಕತೊಡಗಿದರು. ಉಗುರಿನಿಂದ ಒಂದೊಂದೇ ಕಡ್ಡಿ ಮೀಟಿ ಕಿವಿಗೊಟ್ಟು ಕೇಳಿದರು, ಮೂಸಿದರು. "ಇದು ಈ ಸುಗ್ಗೀದೋ, ಹೋದ ಸುಗ್ಗೀದೋ?" ಎಂದರು. ಹಲ್ಲಿಗೆ ಹಚ್ಚಿ ನೋಡುವುದೊಂದು ಬಾಕಿಯಿತ್ತು, ನಾನು ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ಮರುದಿನ ಐತವಾರ, ಶಾಲೆಗೆ ರಜೆ. ನನ್ನನ್ನೂ ಕರೆದುಕೊಂಡು ಉದಗೀರಕ್ಕೆ ಹೊರಟರು. ಅಲ್ಲಿ ಒಬ್ಬ ಮುದುಕ ಮಿಸ್ತ್ರಿ, ಸೈಕಲ್ ರಿಪೇರಿಯಲ್ಲೇ ಗಡ್ಡ ಬೆಳ್ಳಗಾದವ. ಹಳೆಯ ಗೇರ್ ಸೈಕಲ್ಲುಗಳಿಂದ ಒಳ್ಳೊಳ್ಳೆಯ ಗಾಲಿ ಬಿಚ್ಚಿ, ಕಡ್ಡಿ ಬಿಗಿದು, ಸಸ್ತಾದಲ್ಲಿ ಮಾರುತ್ತಿದ್ದ. ದಪ್ಪ ಟಾಯರಿನ ಒಂದು ಜೋಡಿ ತಿರುಗಿಸಿ ತೋರಿಸಿದ. ಕೂದಲೆಳೆಯಷ್ಟೂ ಓಲಾಡಲಿಲ್ಲ. ಕಾಕಾನ ಕಣ್ಣು ಅರಳಿತು. ರೇಟು ಕೇಳುವ ಹೊತ್ತಿಗೆ ಹೆಗಲ ಟವೆಲು ತೆಗೆದು ಮಿಸ್ತ್ರಿಯ ಕೈಮೇಲೆ ಹಾಕಿ, ಅದರಡಿ ಅವನ ಕೈ ಹಿಡಿದೇಬಿಟ್ಟರು!

ಹಳೆಯ ಅಡತಿಯವರ ಪದ್ಧತಿ ಅದು. ರೇಟನ್ನು ಬಾಯಿಂದ ಆಡುವುದಿಲ್ಲ. ಬಟ್ಟೆಯಡಿ ಬೆರಳು ಒತ್ತಿ ಹೇಳುವುದು, ಬೆರಳು ಒತ್ತಿಯೇ ಕೇಳುವುದು. ಸುತ್ತ ನಿಂತವರಿಗೆ ಸುಳಿವೂ ಹತ್ತುವುದಿಲ್ಲ. ಆದರೆ ಆ ಬೋಳು ಓಣಿಯಲ್ಲಿ ಸುತ್ತ ನಿಂತವರಾದರೂ ಯಾರು? ನಾನು ಮತ್ತು ಒಂದು ಮೇಕೆ!

"ಅರೆ ಸಾಹೇಬ, ಕ್ಯಾ ಕರ್ತೆ! ಬಾಯಿಲೇ ಹೇಳ್ರಿ!" ಎಂದು ಮಿಸ್ತ್ರಿ ಕೈ ಕಿತ್ತುಕೊಳ್ಳಲು ನೋಡಿದ.

"ಬಾಯಿಲೇ ಹೇಳಿದ್ರ ಅದು ಕಾಯಿಪಲ್ಲೆ ಬಾಜಾರ. ಸುಮ್ನ ಕೂಡ್ರಿ ಚಾಚಾ, ಕಲಿಸ್ತೀನಿ."

ಅರ್ಧ ತಾಸು ಇಬ್ಬರೂ ಟವೆಲಿನಡಿ ಕೈ ಕೂಡಿಸಿ ಕೂತರು. ಚಹಾ ಬಂತು, ಒಂದೊಂದೇ ಕೈಯಲ್ಲಿ ಕುಡಿದರು. ಕೊನೆಗೆ ಕಾಕಾ ಎದ್ದು "ಹೊಂದಲಿಲ್ಲ. ಮುಂದಿನ ಐತವಾರ ನೋಡೂಣು" ಎಂದರು.

ಆ ಮುಂದಿನ ಐತವಾರ ಎಷ್ಟು ಸಲ ಬಂತು ಎನ್ನುತ್ತೀರಿ? ಶನಿವಾರ ಸಂಜೆ ನನ್ನ ಖೋಲಿ, ಐತವಾರ ಉದಗೀರ, ಸೋಮವಾರ ಉಮರ್ಗಾ. ಎರಡನೆಯ ಮಳೆಗಾಲವೂ ಮಳೆಯಿಲ್ಲದೆ ಬಂದು ಹೋಯಿತು. ಗಾಲಿ ಮಿಸ್ತ್ರಿಯ ಗೋಡೆಯ ಮೊಳೆಯಲ್ಲೇ ಇತ್ತು. ಪಕ್ಕದ ಮನೆಯಾಕೆಯ ಕೊಡವೂ ನಿಲ್ಲಲಿಲ್ಲ. ನನಗಿದ್ದ ಒಂದು ಕೊಡ ನೀರಿನಲ್ಲಿ ಇಬ್ಬರ ಸ್ನಾನ, ಪೂಜೆ, ಅಡುಗೆ! ಒಂದು ಐತವಾರ ಮುಂಜಾನೆ ತಾಳ್ಮೆ ತಪ್ಪಿತು.

"ಕಾಕಾ, ನಿಮಗ ಗಾಲಿ ಬೇಕಾಗ್ಯಾವೋ, ಬರೇ ತಿರುಗೂದು ಬೇಕಾಗ್ಯದೋ?"

ಕಾಕಾ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡು, ಉದಗೀರಕ್ಕೆ ಹೋಗದೆ, ಉಮರ್ಗಾದ ಬಸ್ಸು ಹತ್ತಿ ಹೋದರು. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.

ಖೋಲಿಯಲ್ಲಿ ನೀರು ಉಳಿಯತೊಡಗಿತು. ಮಾತನಾಡುವವರು ಮಾತ್ರ ಯಾರೂ ಇರಲಿಲ್ಲ. ಶನಿವಾರ ಸಂಜೆ ಎರಡು ರೊಟ್ಟಿ ಹೆಚ್ಚು ಬಡಿದಿಟ್ಟು, ಆಮೇಲೆ ನಾನೇ ತಿಂದೆ. ಕಾಕಾನ ಮನಸ್ಸು ನೋಯಿಸಿದ್ದೆ. ಸರಿ, ಗಾಲಿ ನಾನೇ ಕೊಂಡು ಒಯ್ದರೆ ಎಲ್ಲ ನೆಟ್ಟಗಾಗುತ್ತದೆ ಎಂದುಕೊಂಡು ಶಾಲೆಗೆ ರಜೆ ಹಾಕಿ ಉದಗೀರಕ್ಕೆ ಹೋದೆ.

ಮಿಸ್ತ್ರಿ ನನ್ನ ಹಿಂದೆ ಇಣುಕಿ ನೋಡಿದ. "ಸಾಹೇಬ್ರು ಬರಲಿಲ್ಲೇನ್ರೀ?"

"ಇಲ್ಲ. ಅವರ ರೇಟಿಗೇ ಕೊಡ್ರಿ ಚಾಚಾ, ಈ ಹಗರಣ ಮುಗಿಸೂಣು."

"ಅವರ ರೇಟಿಗಿ ನಾ ಎರಡನೇ ವಾರನೇ ಒಪ್ಪೀನ್ರಿ! ಬೆರಳು ಒತ್ತಿ ಹ್ಞಾಂ ಅಂದ್ರ, ಅವರು ಮತ್ತಿಷ್ಟು ಇಳಸ್ತಿದ್ರು. ಅದಕ್ಕೂ ಹ್ಞಾಂ ಅಂದ್ರ, ತಾವೇ ಏರಸ್ತಿದ್ರು! ರೇಟಿನ ಲೆಕ್ಕ ನಾನೂ ಬಿಟ್ಟೆ. ಐತವಾರ ಅವರಿಗಂತ ಚಹಾ ಹೇಳಿಟ್ಟು ಕೂಡತೀನಿ."

ಕಾಕಾನಿಗೆ ತಲೆ ಕೆಟ್ಟಿದೆ ಎಂದೇ ನಾನು ತಿಳಿದೆ. ಮಕ್ಕಳಿಗೆ ಬುದ್ಧಿ ಹೇಳುವ ಮಾಸ್ತರನ ಬುದ್ಧಿ ಅಷ್ಟೇ! ಗಾಲಿ ಎರಡನ್ನೂ ತೋಳಿಗೆ ಏರಿಸಿಕೊಂಡು, ಯುದ್ಧ ಗೆದ್ದವನ ಹಾಗೆ ಉಮರ್ಗಾದಲ್ಲಿ ಇಳಿದೆ.

ಅಂಗಡಿ ತೆರೆದಿತ್ತು. ಖಾಲಿ ಗಾದಿಯ ಮೇಲೆ ಕಾಕಾ ಒಬ್ಬರೇ. ಎದುರಿಗೆ ತಕ್ಕಡಿಯಲ್ಲಿ ತೂಗುತ್ತಿದ್ದ ಸೈಕಲ್ಲು. ಗಾಲಿ ನೋಡಿ ನಗಲು ಪ್ರಯತ್ನಿಸಿದರು. "ಛಲೋ ಮಾಡಿದಿ ತಮ್ಮಾ" ಎಂದು ಒಂದನ್ನು ಮೆಲ್ಲನೆ ತಿರುಗಿಸಿದರು. ಅದು ನಿಲ್ಲುವವರೆಗೂ ಅದನ್ನೇ ನೋಡಿದರು. ಆಮೇಲೆ ಕೇಳಿದರು:

"ಮಿಸ್ತ್ರಿ ಕೈ ಹಿಡದು ಕೊಟ್ಟನೋ, ಹಂಗೇ ಕೊಟ್ಟನೋ?"

"ಹಂಗೇ ಕೊಟ್ರು ಕಾಕಾ."

"ಹ್ಞಾಂ." ಕಾಕಾ ತಮ್ಮ ಅಂಗೈ ನೋಡಿಕೊಂಡರು. "ಸುಗ್ಗ್ಯಾಗ ಇಲ್ಲಿ ದಿನಾ ಮೂವತ್ತು ನಲವತ್ತು ಮಂದಿ ಈ ಕೈ ಹಿಡಿತಿದ್ರು ತಮ್ಮಾ. ಮನಿಗಿ ಹೋದರ ನಿಮ್ಮ ಕಾಕು ಇರ್ತಿದ್ಳು. ಆಕಿ ಹೋದ್ಳು, ಮ್ಯಾಲ ಈ ಬರ ಬಂತು. ವಾರಗಟ್ಟಲೆ ಒಬ್ಬರ ಕೈಯೂ ಹತ್ತಂಗಿಲ್ಲ ನೋಡು. ಆ ಚಾಚಾನ ಕೈ ಬೆಚ್ಚಗಿತ್ತು."

ಅವರ ಐತವಾರವನ್ನು ನಾನು ಕೊಂಡು ತಂದಿದ್ದೆ, ಅದೂ ಸಸ್ತಾದಲ್ಲಿ. ಚಪ್ಪಲಿ ಬಿಟ್ಟು ಗಾದಿ ಹತ್ತಿದೆ. ಅವರ ಎದುರಿಗೆ ಕೂತು, ಅವರ ಹೆಗಲ ಟವೆಲು ತೆಗೆದು ನನ್ನ ಕೈಮೇಲೆ ಹಾಕಿಕೊಂಡೆ.

"ಕಾಕಾ, ಗಾಲಿ ಈಗ ನನ್ನವು. ನಿಮಗ ಬೇಕಾದ್ರ ನನ್ನ ಜೋಡಿ ರೇಟು ಮಾಡ್ರಿ. ನಾ ಲಗೂನ ಬಗ್ಗೂದಿಲ್ಲ, ಹೇಳೀನಿ!"

ಕಾಕಾ ನನ್ನ ಮುಖ ನೋಡಿದರು. ನಿಧಾನವಾಗಿ ಟವೆಲಿನಡಿ ಕೈ ತಂದು ನನ್ನ ಕೈ ಹಿಡಿದರು. ನಾನು ಕಾದೆ. ಅವರು ಯಾವ ಬೆರಳನ್ನೂ ಒತ್ತಲಿಲ್ಲ, ಕೈಯನ್ನೂ ಬಿಡಲಿಲ್ಲ.