ತನಗೆ ತಾನೇ ಕಾವಲು

ಎರ್ನಾಕುಲಂ ಕಡೆಯ ನಮ್ಮ ಜೈಲಿನಲ್ಲಿ ಹಂಸಾ ಎಂಬ ಕೈದಿಯನ್ನು ಹಗಲುಹೊತ್ತು ಹಂಸಾ ಎಂಬ ಸಿಬ್ಬಂದಿಯೇ ಕಾಯತಕ್ಕದ್ದೆಂದು ಆದೇಶವಾಗಿದೆ. ಇಬ್ಬರೂ ಒಬ್ಬರೇ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಹಂಸಾ ಕಾಸರಗೋಡಿನವಳು, ಲಿಂಗತ್ವ ಅಲ್ಪಸಂಖ್ಯಾತೆ. ಪೋಲಿಯೊ ಬಡಿದ ಎಡಗಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಮುರಿದು, ಅದರ ಕಬ್ಬಿಣ ಉಜ್ಜಿ ಉಜ್ಜಿ ಕಾಲೆಲ್ಲ ಹುಣ್ಣಾಗಿತ್ತು. ಆಸ್ಪತ್ರೆಗೆ ಕಳಿಸಿ ಎಂದಳು. ನ್ಯಾಯವಾದ ಬೇಡಿಕೆ. ಆದರೆ ಕೈದಿಯ ಜೊತೆ ಅದೇ ಲಿಂಗದ ಕಾವಲು ಹೋಗಬೇಕೆಂಬುದು ನಿಯಮ. ಗಂಡು ಪೊಲೀಸರು ಇದು ತಮ್ಮ ಕೆಲಸವಲ್ಲವೆಂದರು, ಹೆಣ್ಣು ಪೊಲೀಸರು ತಮ್ಮದೂ ಅಲ್ಲವೆಂದರು. ಅಪರೂಪಕ್ಕೆ ಇಬ್ಬರಲ್ಲೂ ಒಗ್ಗಟ್ಟು ಕಂಡಿತು.

ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಮೇಲಿನ ಕಚೇರಿಯಿಂದ ಶಂಕರನಾರಾಯಣ ಎಂಬ ಅಧಿಕಾರಿ ಬಂದರು. ಮೈಸೂರಿನವರು, ಕನ್ನಡ ಆಡುವ ಕೈದಿ ಸಿಕ್ಕಳೆಂದು ಒಳಗೊಳಗೇ ಖುಷಿ.

"ನೋಡಮ್ಮ, ನಿನ್ನಂಥವರು ನಮ್ಮ ಇಲಾಖೇಲಿ ಒಬ್ಬರೂ ಇಲ್ಲ. ನಿನ್ನನ್ನೇ ನೇಮಿಸಿಬಿಡ್ತೀವಿ. ನಿನ್ನನ್ನ ನೀನೇ ಕರ್ಕೊಂಡು ಹೋಗು."

"ನಾನು ಓಡಿಹೋದ್ರೆ ಸಾರ್?"

"ಓಡಿದ್ರೆ ಹಿಡಿಯೋದು ನಿನ್ನ ಕೆಲಸ."

"ಎಂತ ಸಾರ್ ಇದು! ಹೋಗ್ಲಿ, ಕಾಲು ಕೊಳೀತಾ ಉಂಟು. ನೇಮಿಸಿ."

ವಿಕಲಚೇತನರ ಮೀಸಲು ಹುದ್ದೆಯೂ ಇದರಿಂದ ತುಂಬಿತೆಂದು ಪಟ್ಟಂನಲ್ಲಿ ಪಾಯಸ ಹಂಚಲಾಯಿತು.

ಸಿಬ್ಬಂದಿಯಾದ ಮೇಲೆ ತಡವೆಲ್ಲಿ? ಅಂದೇ ಚಿಕಿತ್ಸೆ ಶುರುವಾಯಿತು, ಹುಣ್ಣು ಮಾಯಿತು, ಹೊಸ ಕ್ಯಾಲಿಪರ್ ಬಂತು. ಅದನ್ನು ಕಟ್ಟಿಕೊಂಡು ಹಂಸಾ ಅಂಗಳದಲ್ಲಿ ನೆಟ್ಟಗೆ ನಡೆದಾಗ ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಲೆಕ್ಕಪರಿಶೋಧನೆಗೆ ಬಂದ ಅಪರ್ಣಾ ಮೇಡಂ ಒಂದು ಲೋಪ ಹಿಡಿದರು. ಕ್ಯಾಲಿಪರ್ ಕೊಟ್ಟದ್ದು ಸಿಬ್ಬಂದಿಗೆ. ಸಿಬ್ಬಂದಿಯ ಸಾಮಾನನ್ನು ಕೈದಿ ಬಳಸುವಂತಿಲ್ಲ, ಸಂಜೆ ಪಾಳಿ ಮುಗಿದರೆ ಹಂಸಾ ಬರೀ ಕೈದಿ.

"ಹಾಗಾದ್ರೆ ಸಂಜೆ ಮೇಲೆ ನಾನು ಹೇಗೆ ನಡೆಯುವುದು?" ಹಂಸಾ ಶಂಕರನಾರಾಯಣರನ್ನು ಕೇಳಿದಳು.

"ಇದು ಕೈದಿ ಕೇಳ್ತಿರೋದಾ, ಸಿಬ್ಬಂದಿ ಕೇಳ್ತಿರೋದಾ?"

"ಕೈದಿ."

"ಹಾಗಿದ್ರೆ ಸಿಬ್ಬಂದಿ ಮೂಲಕ ಬರಬೇಕಮ್ಮ."

ಹಂಸಾ ಅರ್ಜಿ ಬರೆದಳು, ತಾನೇ ಸ್ವೀಕರಿಸಿ, ಬಲವಾಗಿ ಶಿಫಾರಸು ಮಾಡಿ ಪಟ್ಟಂಗೆ ಕಳಿಸಿದಳು. ಅದು ಪರಿಶೀಲನೆಯಲ್ಲಿದೆ.

ಈಗ ಪಾಳಿ ಮುಗಿದೊಡನೆ ಅವಳು ಕ್ಯಾಲಿಪರ್ ಬಿಚ್ಚಿ ಉಗ್ರಾಣಕ್ಕೆ ಒಪ್ಪಿಸಿ, ಗೋಡೆ ಹಿಡಿದು ಕುಂಟುತ್ತಾ ಕೋಣೆಗೆ ಹೋಗುತ್ತಾಳೆ. ಮೊನ್ನೆ ಬಿದ್ದು ಹಣೆ ಒಡೆದುಕೊಂಡಳು. ಬಿದ್ದದ್ದು ಕೈದಿ, ಸಿಬ್ಬಂದಿಗೆ ಯಾವ ಪೆಟ್ಟೂ ಆಗಿಲ್ಲ ಎಂದು ವರದಿ ಸಿದ್ಧಪಡಿಸಿದೆವು. ಬೆಳಿಗ್ಗೆ ಹಣೆಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬಂದ ಹಂಸಾ ಅದನ್ನು ಓದಿ, ಸರಿಯಿದೆ ಎಂದು ಸಹಿ ಹಾಕಿದಳು.