ಹಲ್ಲಲ್ಲಿ ದಾರ, ಕಿವಿಯಲ್ಲಿ ಡ್ರಮ್ಮು

ಆ ದಿನ ಬೆಳಿಗ್ಗೆ ಪಾರ್ಲರಿನ ಸ್ಪೀಕರು ಕೆಟ್ಟುಹೋಗದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಕನ್ನಡಿಯ ಮೇಲೆ ಮೊಳೆ ಹೊಡೆದು ಕೂರಿಸಿದ್ದ ಆ ಸ್ಪೀಕರಿನಲ್ಲಿ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೂ ಒಂದೇ ಕೊಳಲು. ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಸರಿಯಾಗಿ ತಿರುಗಿಸದ ನಲ್ಲಿಯಿಂದ ನೀರು ಸೋರಿದ ಹಾಗೆ ಸುಮ್ಮನೆ ಸೋರುತ್ತಿತ್ತು. "ಇದನ್ನ ಕೇಳಿದ್ರೆ ಗಿರಾಕಿಗಳ ಮನಸ್ಸು ತಣ್ಣಗಾಗುತ್ತೆ" ಎಂದು ಪಾರ್ಲರಿನ ಒಡತಿ ಮೇಡಮ್ಮು ಹೇಳುತ್ತಿದ್ದರು. ಗಿರಾಕಿಗಳ ಮನಸ್ಸು ಏನಾಗುತ್ತಿತ್ತೋ ಯಾರಿಗೆ ಗೊತ್ತು? ದಾರದ ಹುಡುಗಿಯ ಸಿಟ್ಟು ಮಾತ್ರ ಆ ಕೊಳಲಿನಡಿ ಕಂಬಳಿ ಹೊದ್ದು ಮಲಗಿರುತ್ತಿತ್ತು.

ದಾರದ ಹುಡುಗಿ ಅಲ್ಲಿ ಹುಬ್ಬು ತೀಡುವವಳು. ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಬೇಕು, ಉಳಿದದ್ದನ್ನು ಎರಡೂ ಕೈಬೆರಳಿಗೆ ಸುತ್ತಿಕೊಳ್ಳಬೇಕು, ಆಮೇಲೆ ತಲೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಒಂದೊಂದೇ ಕೂದಲನ್ನು ಕೀಳುತ್ತ ಹೋಗಬೇಕು. ದಾರ ಹಲ್ಲಲ್ಲಿ ಇರುವಷ್ಟು ಹೊತ್ತು ಬಾಯಿ ತೆರೆಯುವ ಹಾಗಿಲ್ಲ. ಅವಳ ಹಲ್ಲಲ್ಲಿ ದಿನವೆಲ್ಲ ದಾರವೇ. ಹಾಗಾಗಿ ಬೀದಿಯಲ್ಲೆಲ್ಲ ಅವಳು ಬಹಳ ಒಳ್ಳೆಯ ಹುಡುಗಿ ಎಂದು ಹೆಸರಾಗಿತ್ತು.

"ಎದುರು ಮಾತು ಅನ್ನೋದೇ ಇಲ್ಲ ನೋಡಿ ಇವಳಿಗೆ" ಎಂದು ಮೇಡಮ್ಮು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಿ, ಅವಳು ತೀಡಿ ಮುಗಿಸಿದ ಹುಬ್ಬನ್ನು ಕನ್ನಡಿಯಲ್ಲಿ ತೋರಿಸಿ, "ಹೇಗಿದೆ ನನ್ನ ಕೈಚಳಕ?" ಎಂದೂ ಕೇಳುತ್ತಿದ್ದರು. ಮೇಡಮ್ಮು ದಾರ ಮುಟ್ಟಿ ಯಾವ ಕಾಲವಾಗಿತ್ತೋ. ಅವರ ಮುಂದಿನ ಹಲ್ಲುಗಳು ಕಟ್ಟಿಸಿದವು. ದಾರ ಕಚ್ಚಿ ಎಳೆದರೆ ಕೂದಲಿಗಿಂತ ಮೊದಲು ಹಲ್ಲೇ ಕಿತ್ತುಬರುತ್ತಿತ್ತು.

ಹುಡುಗಿಗೆ ಕೂರಲು ಅಲ್ಲಿ ಒಂದು ಸ್ಟೂಲೂ ಇರಲಿಲ್ಲ. "ಕೂತ್ರೆ ಸೋಮಾರಿತನ ಬರುತ್ತೆ" ಎನ್ನುತ್ತಿದ್ದ ಮೇಡಮ್ಮು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುತ್ತಿದ್ದರು.

ಆ ದಿನ ಕುರ್ಚಿಯಲ್ಲಿ ಹೆಡ್‌ಮಿಸ್ಸು ಒರಗಿದ್ದರು. ಬೀದಿಯ ಕೊನೆಯ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಅವರ ಹುಬ್ಬುಗಳು ಎಂಥವೆಂದರೆ ಅವನ್ನು ಏರಿಸಿದರೆ ಸಾಕು, ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಅಂದೇ ಮಧ್ಯಾಹ್ನ ಅವರ ಫೋಟೋ ತೆಗೆಯುವವರಿದ್ದರು. ಹಿಂದಿನ ಮುಖ್ಯೋಪಾಧ್ಯಾಯರ ಸಾಲಿನಲ್ಲಿ, ಶಾಲೆಯ ಗೋಡೆಯ ಮೇಲೆ, ಆ ಫೋಟೋ ಕಾಯಂ ಆಗಿ ತೂಗಾಡಬೇಕಿತ್ತು.

ಹುಡುಗಿ ಎಡಗಡೆಯ ಹುಬ್ಬು ಮುಗಿಸಿದಳು. ಅಷ್ಟರಲ್ಲಿ ಸ್ಪೀಕರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕೊಳಲು ನಿಂತುಹೋಯಿತು.

ನಿಂತ ತಕ್ಷಣ ಪಕ್ಕದ ಗೋಡೆಯಾಚೆಯಿಂದ ಬ್ಯಾಂಡ್‌ಸೆಟ್ಟಿನವರ ಅಭ್ಯಾಸ ಕೇಳಿಸಿತು. ಇಷ್ಟು ದಿನವೂ ಅದು ಇತ್ತು, ಕೊಳಲಿನಡಿ ಹೂತುಹೋಗಿತ್ತು ಅಷ್ಟೆ. ಮೊದಲು ದೊಡ್ಡ ಡ್ರಮ್ಮು, ಅದರ ಹಿಂದೆ ಚಿಕ್ಕ ಡ್ರಮ್ಮುಗಳು, ಅವುಗಳ ಹೆಗಲೇರಿ ತುತ್ತೂರಿ. ಕನ್ನಡಿಯ ಮುಂದಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಹುಡುಗಿಯ ಅಂಗಾಲಿನಿಂದ ಏನೋ ಹತ್ತಿಕೊಂಡು ಬಂದು ಎದೆಯಲ್ಲಿ ನಿಂತಿತು. ಆ ಡ್ರಮ್ಮು ಮಾತಾಡುತ್ತಿತ್ತು. ಬೇರೆ ಯಾರಿಗೆ ಕೇಳಿಸಿತೋ ಇಲ್ಲವೋ, ಅವಳಿಗಂತೂ ಬಿಡಿಬಿಡಿಯಾಗಿ ಕೇಳಿಸಿತು.

ಎಷ್ಟು ದಿನ? ಎಷ್ಟು ದಿನ? ನಿಂದೇ ಮಾಡು! ನಿಂದೇ ಮಾಡು!

"ಏ, ಏನು ಕಿವಿ ನಿಮಿರಿಸ್ಕೊಂಡು ನಿಂತಿದ್ದೀಯಾ? ಬಲಗಡೆ ಶುರು ಮಾಡು" ಎಂದರು ಮೇಡಮ್ಮು. ಆಮೇಲೆ ಹೆಡ್‌ಮಿಸ್ಸಿನ ಕಡೆ ಬಾಗಿ, "ಎಡಗಡೇದು ಹೇಗಿದೆ ನೋಡಿ ಮಿಸ್, ನನ್ನ ಕೈಚಳಕ" ಎಂದರು.

ತುತ್ತೂರಿ ಒಮ್ಮೆಲೇ ಮೇಲೇರಿತು. ಹುಡುಗಿಯ ಬಾಯಿ ತೆರೆಯಿತು. ದಾರ ಕೆಳಗೆ ಬಿತ್ತು.

"ಕೈ ನಿಮ್ದಲ್ಲ!" ಎಂದಳು. "ಕೈಯೂ ನಂದು, ಹಲ್ಲೂ ನಂದು, ನಿಂತು ನಿಂತು ಊದ್ಕೊಂಡಿರೋ ಕಾಲೂ ನಂದು! ನಿಮ್ದು ಅಂತ ಇಲ್ಲಿರೋದು ಆ ಕೊಳಲು ಒಂದೇ. ಅದೂ ಕೆಟ್ಟೋಯ್ತು. ನಾನು ನನ್ನದೇ ಅಂಗಡಿ ಇಡ್ತೀನಿ. ಇವತ್ತೇ!"

ಮೇಡಮ್ಮಿಗೆ ಸಿಟ್ಟಿಗಿಂತ ಮೊದಲು ಆಶ್ಚರ್ಯವೇ ಆಯಿತು. ಗೋಡೆಯ ಕ್ಯಾಲೆಂಡರು ಬೈದರೆ ಹೇಗೋ ಹಾಗೆ. ಅವರು ಸುಧಾರಿಸಿಕೊಂಡು "ಹೋಗು, ಹೋಗು! ನಾಯಿ ಮೂಸಲ್ಲ ನಿನ್ನನ್ನ!" ಎನ್ನುವಷ್ಟರಲ್ಲಿ ಹುಡುಗಿ ದಾರದ ಉಂಡೆ, ಪೌಡರ್ ಡಬ್ಬಿ ಚೀಲಕ್ಕೆ ತುರುಕಿ ಬೀದಿಗೆ ಇಳಿದಾಗಿತ್ತು. ಎರಡೂ ಅವಳೇ ಕೊಂಡುಕೊಂಡವು.

ಬೀದಿಯಲ್ಲಿ ಅವಳ ನಡಿಗೆಯೇ ಬದಲಾಗಿತ್ತು. ಡ್ರಮ್ಮಿನ ಒಂದೊಂದು ಹೊಡೆತಕ್ಕೂ ಒಂದೊಂದು ಹೆಜ್ಜೆ. ಅರ್ಧ ಬೀದಿ ದಾಟಿದ ಮೇಲೆ ಹಿಂದಿನಿಂದ ಇನ್ನೊಂದು ಜೊತೆ ಹೆಜ್ಜೆ ಕೇಳಿಸಿತು.

"ನಿಲ್ಲೇ! ನಿಲ್ಲು ಅಂದೆ!"

ಹೆಡ್‌ಮಿಸ್ಸು. ಕುತ್ತಿಗೆಗೆ ಪಾರ್ಲರಿನ ಟವೆಲು, ಹಣೆ ತುಂಬ ಪೌಡರು. ಎಡಹುಬ್ಬು ಬಿದಿಗೆಯ ಚಂದ್ರ, ಬಲಹುಬ್ಬು ಬೂಟ್ ಪಾಲಿಶ್ ಬ್ರಷ್ಷು. ಒಂದು ಕಡೆಯಿಂದ ನೋಡಿದರೆ ನಗುತ್ತಿರುವ ಹಾಗೆ, ಇನ್ನೊಂದು ಕಡೆಯಿಂದ ನೋಡಿದರೆ ಕೊಲ್ಲಲು ಬಂದ ಹಾಗೆ. ಎದುರಿಗೆ ಬಂದ ಸೈಕಲಿನವನು ಯಾವ ಕಡೆಯನ್ನು ನಂಬಬೇಕೆಂದು ತಿಳಿಯದೆ ಚರಂಡಿಗೆ ಇಳಿದ.

"ಅರ್ಧ ಮುಖ ಹೊತ್ಕೊಂಡು ಫೋಟೋಕ್ಕೆ ಕೂರ್ಲಾ ನಾನು? ನನ್ನ ಹುಬ್ಬು ಮುಗಿಸಿ ಕ್ರಾಂತಿ ಮಾಡು!"

"ಮುಗಿಸ್ತೀನಿ ಮಿಸ್. ಆದ್ರೆ ಆ ಅಂಗಡೀಲಿ ಅಲ್ಲ. ನನ್ನ ಅಂಗಡೀಲಿ."

"ಎಲ್ಲಿದೆ ನಿನ್ನ ಅಂಗಡಿ?"

ಹುಡುಗಿ ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. "ನಮ್ಮನೇಲಿ" ಎಂದಳು.

ಮನೆಯೆಂದರೆ ಸಾಲುಮನೆಗಳಲ್ಲಿ ಒಂದು. ಮುಂದಿನ ಕೋಣೆ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಅಣ್ಣ ಕೆಲಸಕ್ಕೆ ಹೋಗಿದ್ದ. ಬಟ್ಟೆ ಮಡಿಸುತ್ತ ಕೂತಿದ್ದ ಅತ್ತಿಗೆ, ಬಾಗಿಲಲ್ಲಿ ಕಂಡ ಎರಡು ಥರದ ಹುಬ್ಬು ನೋಡಿ ಕೈಯಲ್ಲಿದ್ದ ಲಂಗವನ್ನು ಎದೆಗೆ ಅವುಚಿಕೊಂಡಳು.

"ಅತ್ತಿಗೆ, ಕೆಲಸ ಬಿಟ್ಟೆ. ಈ ಕೋಣೇಲಿ ಪಾರ್ಲರ್ ಇಡ್ತೀನಿ. ನಂದೇ."

"ಬಿಟ್ಯಾ? ಯಾರನ್ನ ಕೇಳಿ? ಅಯ್ಯೋ, ನಿಮ್ಮಣ್ಣ ಬಂದ್ರೆ..." ಅತ್ತಿಗೆಯ ದನಿ ಸಾಲುಮನೆಗಳ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಆ ದನಿಯ ಬಾಲ ಹಿಡಿದುಕೊಂಡು ಎದುರುಮನೆ ಅಜ್ಜಿಯೂ ಪಕ್ಕದ ಇಸ್ತ್ರಿಯಣ್ಣನೂ ಬಂದೇಬಿಟ್ಟರು.

"ಯಾಕೇ, ಯಾರು ಹೋದ್ರು?" ಎಂದರು ಅಜ್ಜಿ.

"ಯಾರೂ ಹೋಗಿಲ್ಲ ಅಜ್ಜಿ, ಇವಳೇ ಕೆಲಸ ಬಿಟ್ಟು ಬಂದಿದಾಳೆ. ಅಂಗಡಿ ಇಡ್ತಾಳಂತೆ."

"ಕೂತ್ಕೊಳ್ಳೋಕೆ ಒಂದು ಕುರ್ಚಿ ಗತಿಯಿಲ್ಲ, ಅಂಗಡಿಯಂತೆ!" ಎಂದು ಗೊಣಗಿದ ಅಜ್ಜಿ ತಮ್ಮ ಮನೆಯಿಂದ ಒರಗುವ ಕುರ್ಚಿಯೊಂದನ್ನು ಎಳೆಸಿಕೊಂಡು ಬಂದರು. ಅದು ಅಜ್ಜನ ಕುರ್ಚಿ. ಅಜ್ಜ ಇದ್ದಾಗ ಅದರಿಂದ ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಇಸ್ತ್ರಿಯಣ್ಣ ತನ್ನ ಅಂಗಡಿಯ ಆಳೆತ್ತರದ ಕನ್ನಡಿಯನ್ನು ಬೆನ್ನ ಮೇಲೆ ಹೊತ್ತು ತಂದ. ಹುಡುಗಿಯ ಕಣ್ಣು ಒದ್ದೆಯಾಯಿತು. ಎಷ್ಟು ಒಳ್ಳೆಯ ಜನ! ಆ ಕ್ಷಣಕ್ಕೆ ಅವಳಿಗೆ ಹಾಗೆಯೇ ಅನ್ನಿಸಿತು.

ಹೆಡ್‌ಮಿಸ್ಸು ಕುರ್ಚಿಯಲ್ಲಿ ಒರಗಿ, ಎರಡೂ ಕಣ್ಣು ಮುಚ್ಚಿ, ಒಂದು ಕೈಯಿಂದ ಬಲಗಣ್ಣಿನ ರೆಪ್ಪೆಯನ್ನೂ ಇನ್ನೊಂದರಿಂದ ಹಣೆಯನ್ನೂ ಎಳೆದು ಹಿಡಿದರು. "ನೋಡು, ಎರಡೂ ಒಂದೇ ಥರ ಬಂದ್ರೆ ನಮ್ಮ ಶಾಲೆ ಟೀಚರುಗಳನ್ನೆಲ್ಲ ನಿನ್ನ ಹತ್ರಾನೇ ಕಳಿಸ್ತೀನಿ. ಮಧ್ಯದಲ್ಲಿ ಇನ್ನೊಂದ್ಸಲ ದಾರ ಬಿಟ್ಟೆಯೋ, ಆಮೇಲೆ ಈ ಬೀದೀಲಿ ಒಂದು ಕೂದಲು ಸಿಗಲ್ಲ ನಿನಗೆ ಕೀಳೋಕೆ."

ಹುಡುಗಿ ದಾರ ಕಚ್ಚಿದಳು. ಈ ಒಂದು ಹುಬ್ಬಿನ ಮೇಲೆ ಅವಳ ಇಡೀ ಬದುಕು ಕೂತಿತ್ತು. ಆಗ ಅವಳು ಮನಸ್ಸಿನಲ್ಲೇ ಡ್ರಮ್ಮನ್ನು ಕರೆದಳು. ಅದು ತಕ್ಷಣ ಬಂತು. ನಿಂದೇ ಮಾಡು, ನಿಂದೇ ಮಾಡು. ಆ ತಾಳಕ್ಕೆ ತಲೆ ಹಿಂದೆ ಮುಂದೆ, ಹಿಂದೆ ಮುಂದೆ ಆಡತೊಡಗಿತು. ಪಾರ್ಲರಿನಲ್ಲಿ ಕೊಳಲಿಗೆ ಆಡುತ್ತಿದ್ದ ಹಾಗೆ ಅರೆಮನಸ್ಸಿನಿಂದ ಅಲ್ಲ. ಕೊಟ್ಟಣ ಕುಟ್ಟಿದ ಹಾಗೆ, ಗಟ್ಟಿಯಾಗಿ.

"ಅಲ್ಲ ಕಣೆ" ಎಂದಳು ಅತ್ತಿಗೆ ಹಿಂದಿನಿಂದ, "ಮುಂದಿನ ಕೋಣೇನೇ ಕೊಟ್ಟುಬಿಟ್ರೆ ನಾವು ಎಲ್ಲಿ ಕೂರೋದು? ಜಾಗ ನಮ್ದು ಅಂದ್ಮೇಲೆ ಬಂದಿದ್ರಲ್ಲಿ ಮೊದಲ ಪಾಲು ಮನೆಗೆ. ಸರಿ ತಾನೆ?"

ಹುಡುಗಿಯ ತಲೆ ಆಡಿತು.

"ಒಪ್ಪಿದ್ಲು!" ಎಂದಳು ಅತ್ತಿಗೆ.

ಹುಡುಗಿಯ ಕಣ್ಣು ದೊಡ್ಡದಾಯಿತು. ಇಲ್ಲ ಎನ್ನೋಣವೆಂದರೆ ಬಾಯಲ್ಲಿ ದಾರ. ತಲೆಯನ್ನು ಅಡ್ಡಡ್ಡ ಆಡಿಸೋಣವೆಂದರೆ ಹೆಡ್‌ಮಿಸ್ಸಿನ ಅರ್ಧ ಹುಬ್ಬು ಬೋಳಾಗುತ್ತದೆ. ಕೈ ಬೀಸೋಣವೆಂದರೆ ಎರಡೂ ಕೈಗೆ ದಾರ ಸುತ್ತಿದೆ. ಸಿಟ್ಟು ಭುಗ್ಗೆಂದಿತು. ಸಿಟ್ಟು ಬಂದಷ್ಟೂ ಡ್ರಮ್ಮು ಜೋರಾಯಿತು, ಡ್ರಮ್ಮು ಜೋರಾದಷ್ಟೂ ತಲೆ ಜೋರಾಗಿ ಆಡಿತು.

"ಹಂಗಾದ್ರೆ ಕುರ್ಚಿಗೆ?" ಎಂದರು ಅಜ್ಜಿ. "ನಮ್ಮೆಜಮಾನ್ರು ಕೂತ ಕುರ್ಚಿ. ಸುಮ್ನೆ ಕೊಡೋಕಾಗುತ್ತಾ? ನಂಗೂ ಒಂದು ಪಾಲು. ಆಮೇಲೆ ಮಧ್ಯಾಹ್ನ ನಾನು ಅದ್ರಲ್ಲಿ ಮಲಗಬೇಕು, ಆಗ ಗಿರಾಕಿ ಬರಬಾರ್ದು. ಆಗಬಹುದೇನಮ್ಮ?"

ತಲೆ ಆಡಿತು.

"ಎಷ್ಟು ಚೆನ್ನಾಗಿ ಒಪ್ಕೋತಾಳೆ ನೋಡು ಮಗು!"

"ಕನ್ನಡಿ ಇಲ್ದೆ ಪಾರ್ಲರ್ ಉಂಟಾ?" ಎಂದ ಇಸ್ತ್ರಿಯಣ್ಣ, ಗಂಟಲು ಸರಿಮಾಡಿಕೊಂಡು. "ನಾನೇನು ದುರಾಸೆಯವನಲ್ಲ ತಂಗಿ. ಅವರಿಗೆಷ್ಟೋ ನನಗೂ ಅಷ್ಟೆ. ನೀನು ಬಿಡುವಾಗಿದ್ದಾಗ ನನ್ನ ಬಟ್ಟೆಗೆ ನೀರು ಚಿಮುಕಿಸಿ ಕೊಡು, ಸಾಕು."

ತಲೆ ಎಷ್ಟು ಜೋರಾಗಿ ಆಡಿತೆಂದರೆ ಇಸ್ತ್ರಿಯಣ್ಣನಿಗೇ ನಾಚಿಕೆಯಾಯಿತು. "ನಿಧಾನ ತಂಗಿ, ನಿಧಾನ. ಒಂದ್ಸಲ ಒಪ್ಪಿದ್ರೆ ಸಾಕು" ಎಂದ.

"ಮ್ಮ್ಮ್! ಮ್ಮ್ಮ್!" ಎಂದಳು ಹುಡುಗಿ.

"ಏನೋ ಹಾಡು ಬೇರೆ ಗುನುಗ್ತಾ ಇದಾಳೆ" ಎಂದು ಅತ್ತಿಗೆ ಮೆಚ್ಚಿಕೊಂಡಳು. "ಸಂತೋಷ ನೋಡಿ ಹುಡುಗಿಗೆ."

ಹೆಡ್‌ಮಿಸ್ಸಿನ ಹುಬ್ಬು ಇನ್ನೇನು ಮುಗಿಯಬೇಕು, ಬಾಗಿಲಲ್ಲಿ ಗದ್ದಲವಾಯಿತು. ಮೇಡಮ್ಮು! ಮುಖ ಕೆಂಪೇರಿತ್ತು, ಉಸಿರು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಅವರ ಬೆನ್ನಿಗೆ ಪಾರ್ಲರಿನಲ್ಲಿ ಕಾದು ಕಾದು ಸಾಕಾದ ಇಬ್ಬರು ಗಿರಾಕಿಗಳು. ಅವರಲ್ಲಿ ಒಬ್ಬಾಕೆಯ ಮುಖಕ್ಕೆ ಬಳಿದಿದ್ದ ಲೇಪ ಒಣಗಿ ಬಿರುಕು ಬಿಟ್ಟಿತ್ತು. ಆಕೆ ಬೈಯುತ್ತಿದ್ದದ್ದು ನಿಜ, ಆದರೆ ತುಟಿ ಅಲ್ಲಾಡದೆ ಎಲ್ಲವೂ ಮೂಗಿನಿಂದ ಬರುತ್ತಿತ್ತು.

"ಎಲ್ಲಿ ಅವಳು? ಉಂಡ ಮನೆಗೆ ಎರಡು ಬಗೆದೋಳು!" ಎಂದರು ಮೇಡಮ್ಮು. "ನನ್ನ ಅಂಗಡಿಗೆ ಬೀಗ ಹಾಕ್ಕೊಂಡು ಬಂದಿದೀನಿ ಇವಳಿಂದ!"

ಹುಡುಗಿ ಒಳಗೊಳಗೇ ಹಿಗ್ಗಿದಳು. ಈಗ ನಮ್ಮವರು ನನ್ನ ಪರ ನಿಲ್ಲುತ್ತಾರೆ, ಈ ಮೇಡಮ್ಮಿನ ನೀರಿಳಿಸುತ್ತಾರೆ. ಅತ್ತಿಗೆಯ ಬಾಯಿಗೆ ಎದುರು ನಿಂತು ಗೆದ್ದವರು ಸಾಲುಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅತ್ತಿಗೆ ಸೆರಗು ಬಿಗಿದು ಎದ್ದು ನಿಂತಳು. ಮೇಡಮ್ಮನ್ನು ನೋಡಿದಳು. ಮೇಡಮ್ಮಿನ ಹಿಂದಿದ್ದ ಗಿರಾಕಿಗಳನ್ನು ನೋಡಿದಳು. ಸೆರಗು ಸಡಿಲಿಸಿದಳು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದೀರಿ" ಎಂದು ಮಡಿಸಿದ ಬಟ್ಟೆಯನ್ನು ಸರಿಸಿ ಜಾಗ ಮಾಡಿದಳು. "ಗಿರಾಕಿಗಳೆಲ್ಲ ನಿಮ್ಮ ಪರಿಚಯದವರೇ ಅಲ್ವಾ?"

"ಮತ್ತೆ? ಬೀದಿ ಬೀದಿಯೇ ನನ್ನ ಪರಿಚಯ."

"ಅದೇ ನೋಡಿ ನಮಗೆ ಇಲ್ಲದ್ದು" ಎಂದ ಇಸ್ತ್ರಿಯಣ್ಣ.

ಮೇಡಮ್ಮು ಕೂತರು. ಕೋಣೆಯನ್ನು ಅಳೆದರು, ಕುರ್ಚಿಯನ್ನು ಅಳೆದರು, ಕನ್ನಡಿಯನ್ನು ಅಳೆದರು. ಅವರ ಸಿಟ್ಟು ಇಳಿದು ಮುಖದಲ್ಲಿ ನಗು ಮೂಡಿದ್ದು ನೋಡಿ ಹುಡುಗಿ ದಾರವನ್ನು ಇನ್ನೂ ಗಟ್ಟಿಯಾಗಿ ಕಚ್ಚಿದಳು. ಸಿಟ್ಟಿನಲ್ಲಿರುವ ಮೇಡಮ್ಮನ್ನು ಅವಳು ಬಲ್ಲಳು. ನಗುವ ಮೇಡಮ್ಮನ್ನು ನೋಡಿದಾಗಲೆಲ್ಲ ಅವಳಿಗೆ ಏನಾದರೊಂದು ಕೆಲಸ ಹೆಚ್ಚಾಗಿತ್ತು.

"ಗಿರಾಕಿ ನನ್ನೋರು, ಮನೆ ನಿಮ್ದು, ಹಲ್ಲು ಇವಳ್ದು" ಎಂದರು ಮೇಡಮ್ಮು. "ಜಗಳ ಯಾಕೆ? ನಾನೇ ಇಲ್ಲಿ ಬಂದು ಮೇಲ್ವಿಚಾರಣೆ ನೋಡ್ಕೋತೀನಿ. ನನಗೂ ಒಂದು ಪಾಲು ಹಾಕಿ."

"ಆಳೋದು ಗೊತ್ತಿರೋರು ಒಬ್ರು ಬೇಕೇ ಬೇಕು" ಎಂದರು ಅಜ್ಜಿ. "ಈ ಮಗೂಗೆ ಬಾಯೇ ಇಲ್ಲ. ಏನೇ, ಮೇಡಂ ನೋಡ್ಕೊಳ್ಳಲಾ?"

ಹುಬ್ಬಿನ ಕೊನೆಯ ಸಾಲು ಬಾಕಿಯಿತ್ತು. ಹುಡುಗಿ ಉಸಿರು ಬಿಗಿಹಿಡಿದು ತಲೆಯನ್ನು ಅಲ್ಲಾಡಿಸದೆ ಕಲ್ಲಿನ ಹಾಗೆ ನಿಂತುಬಿಟ್ಟಳು.

"ಯಾಕೆ ನಿಲ್ಲಿಸಿದೆ?" ಎಂದರು ಹೆಡ್‌ಮಿಸ್ಸು, ಕಣ್ಣು ಮುಚ್ಚಿಕೊಂಡೇ. "ಫೋಟೋಕ್ಕೆ ಹೊತ್ತಾಯ್ತು. ಹ್ಞೂಂ!"

ಶಾಲೆಯ ಅಷ್ಟೂ ಟೀಚರುಗಳು ಹುಡುಗಿಯ ಕಣ್ಣ ಮುಂದೆ ಸಾಲಾಗಿ ಹಾದುಹೋದರು. ಅವಳು ಕಣ್ಣು ಮುಚ್ಚಿ, ತಲೆ ಆಡಿಸಿದಳು.

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಲೇಪದಾಕೆಯೂ ತಟ್ಟಿದಳು.

ಹೆಡ್‌ಮಿಸ್ಸು ಎದ್ದು ಕನ್ನಡಿ ನೋಡಿಕೊಂಡರು. ಎರಡು ಹುಬ್ಬೂ ಅವಳಿ ಮಕ್ಕಳ ಹಾಗೆ ಬಂದಿದ್ದವು. ಅವರು ಎರಡನ್ನೂ ಏರಿಸಿದರು. ಎಲ್ಲರೂ ತಾವಾಗಿ ಎದ್ದು ನಿಂತರು.

ಹುಡುಗಿ ದಾರ ಉಗಿದಳು. ಇಷ್ಟು ಹೊತ್ತಿನದೂ ಇಷ್ಟು ವರ್ಷದ್ದೂ ಸೇರಿ ಒಂದೇ ಸಲ ಬಾಯಿಗೆ ಬಂತು.

"ನಾನು ಯಾವುದಕ್ಕೂ ಒಪ್ಪಿಲ್ಲ! ತಲೆ ಆಡಿಸಿದ್ದು ಕೂದಲು ಕೀಳೋಕೆ! ಯಾರಿಗೂ ಪಾಲಿಲ್ಲ, ಈ ಮೇಡಮ್ಮೂ ಬೇಡ! ಈ ಅಂಗಡಿ ನಂದು! ನಂದೊಬ್ಬಳದೇ!"

ಎಲ್ಲರೂ ಹೆಡ್‌ಮಿಸ್ಸಿನ ಮುಖ ನೋಡಿದರು.

"ತೀರ್ಮಾನ ಆದ್ಮೇಲೆ ಮಾತು ತಿರುಗಿಸಬಾರದಮ್ಮ" ಎಂದರು ಅವರು ಟವೆಲು ಬಿಚ್ಚುತ್ತ. "ನಾನು ಕಣ್ಣು ಮುಚ್ಚಿದ್ದೆ. ಆದ್ರೆ ನೀನು ಬೇಡ ಅಂದಿದ್ದಂತೂ ನನ್ನ ಕಿವಿಗೆ ಬೀಳಲಿಲ್ಲ." ಹೀಗೆ ತೀರ್ಪು ಕೊಟ್ಟು ಫೋಟೋಕ್ಕೆ ಹೊರಟೇಹೋದರು.

ಅತ್ತಿಗೆ ಹತ್ತಿರ ಬಂದು ನಾದಿನಿಯ ಬೆನ್ನು ಸವರಿದಳು. "ನಿಂದೇ ಕಣೆ ಅಂಗಡಿ. ಅಲ್ಲ ಅಂದೋರು ಯಾರು? ಬೋರ್ಡಿನ ಮೇಲೂ ನಿನ್ನ ಹೆಸರೇ ಬರೆಸೋಣ. ನೀನೇ ಒಡತಿ" ಎಂದಳು.

ಹುಡುಗಿಯ ಸಿಟ್ಟು ಸ್ವಲ್ಪ ಇಳಿಯಿತು. ಮೂಗೊರೆಸಿಕೊಂಡು, "ಹಾಗಾದ್ರೆ ನನಗೆಷ್ಟು ಕೊಡ್ತೀರಿ?" ಎಂದು ಕೇಳಿದಳು.

"ನಿನಗಾ?" ಅತ್ತಿಗೆ ಎಲ್ಲರ ಕಡೆ ತಿರುಗಿ ನಕ್ಕಳು. "ಕೇಳಿದ್ರಾ ಇವಳ ಮಾತು? ಒಡತಿಗೆ ಯಾರಾದ್ರೂ ಸಂಬಳ ಕೊಡ್ತಾರೇನೇ?"