ರಿವಾಲ್ವರೋ ಪಿಸ್ತೂಲೋ ಎಂಬ ನಮ್ಮ ಭಾವನ ಚಿಂತೆ

ಇಡೀ ಒಮಾನಿನಲ್ಲಿ ರಿವಾಲ್ವರು, ಪಿಸ್ತೂಲುಗಳ ಬಗ್ಗೆ ನಮ್ಮ ಭಾವನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ ಎಂದು ನಾನು ಪಂಥ ಕಟ್ಟಿ ಹೇಳಬಲ್ಲೆ. ಅವರು ಅವುಗಳಲ್ಲಿ ಒಂದನ್ನೂ ಒಮ್ಮೆಯೂ ಮುಟ್ಟಿರಲಿಲ್ಲ ಎನ್ನುವುದು ಬೇರೆ ಮಾತು! ದಡದಲ್ಲಿ ಕುಳಿತು ಈಜು ಕಲಿಸುವವರನ್ನು ನೀವು ಕಂಡಿಲ್ಲವೆ?

ಭಾವ ಎಂದರೆ ನನ್ನ ಅಕ್ಕನ ಗಂಡ. ಎಂಬತ್ತರ ದಶಕದ ಕೊನೆಯ ವರ್ಷಗಳವು. ಅಲ್ ಖೌದ್‌ನ ಒಂದು ಫ್ಲಾಟಿನಲ್ಲಿ ಅಕ್ಕ, ಭಾವ ಇಬ್ಬರೇ ಇದ್ದರು. ಕೆಲಸ ಸಿಗುವವರೆಗೆ ಇರುತ್ತೇನೆಂದು ಹೋಗಿ, ಕೆಲಸ ಸಿಕ್ಕ ಮೇಲೂ ಅಲ್ಲಾಡದ ಮೂರನೆಯವನು ನಾನು. ಭಾವ ತೋಟಗಳಿಗೆ ನೀರಿನ ಪೈಪು ಮಾರುವ ಕಂಪನಿಯಲ್ಲಿ ಸೇಲ್ಸ್‌ಮನ್. ಇತ್ತ ಬರ್ಕಾ, ಅತ್ತ ರುಸ್ತಾಕ್ ಎಂದು ಪಿಕಪ್ಪಿನಲ್ಲಿ ತಿರುಗುವ ಕೆಲಸ. ಜಿರಳೆ ಕಂಡರೆ ಮಂಚ ಹತ್ತುವ ಮನುಷ್ಯ. ಅಂಥವರ ತಲೆಗೆ ಪಿಸ್ತೂಲು ಹೊಕ್ಕಿದ್ದು ಹೇಗೆ?

ಅದಕ್ಕೆಲ್ಲ ಕಾರಣ ನಮ್ಮ ಅಪ್ಪ. ಅಪ್ಪನ ಬಳಿ ಲೈಸನ್ಸಿನ ಒಂದು ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಬೇಕಿತ್ತಷ್ಟೆ? ಒಪ್ಪಿಸಿ ಬಂದವರು ಊಟ ಸೇರದೆ, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಹೋಗುವಂತೆ ಠಾಣೆಗೆ ಹೋಗಿ ಅದನ್ನು ನೋಡಿ ಬರುತ್ತಿದ್ದರು. ಆ ಕೋವಿಯ ಮುಂದೆ ನಾವು ಮಕ್ಕಳೆಲ್ಲ ಎರಡನೆಯ ದರ್ಜೆಯವರು. ಇನ್ನು ಅಕ್ಕನಿಗೆ ಚಿಕ್ಕಂದಿನಿಂದಲೂ ಉಬ್ಬಸ. ಧೂಳು ಕಂಡರೆ ಸಾಕು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆದರೆ ಹೊರಗೆ ತಿರುಗಾಡುವುದೆಂದರೆ ಅವಳಿಗೆ ಪ್ರಾಣ. ಮದುವೆಯಾಗಿ ಒಮಾನಿಗೆ ಹೊರಟ ದಿನ ಅಪ್ಪ ನೆಂಟರೆಲ್ಲರ ಎದುರಿಗೇ ಭಾವನನ್ನು ಹಿಡಿದು ನಿಲ್ಲಿಸಿದರು.

"ಇವಳಿಗೆ ದಮ್ಮು. ನೀವು ಹೋಗುದು ಮರಳುಗಾಡಿಗೆ. ಬಾಗಿಲು ಹಾಕಿ ಒಳಗೇ ಕೂರಿಸ್ತೀರಾ?"

ಅಕ್ಕನ ಮುಖ ಸಣ್ಣದಾಯಿತು. ಭಾವ ಅದನ್ನು ನೋಡಿದರು. "ಇಲ್ಲ ಮಾವ, ಅವಳು ಹೇಳಿದಲ್ಲಿಗೆಲ್ಲ ಕರ್ಕೊಂಡು ಹೋಗ್ತೇನೆ. ನಾನು ಇರ್ತೇನಲ್ಲ ಜೊತೆಗೆ" ಎಂದರು.

"ನೀವು ಇದ್ದು ಎಂಥ ಮಾಡ್ತೀರಿ? ಜನ ಇಲ್ಲದ ಜಾಗದಲ್ಲಿ ನಾಯಿ ನರಿ ಬಂದ್ರೆ?"

"ಸೊಂಟದಲ್ಲಿ ಪಿಸ್ತೂಲು ಇಟ್ಕೊಳ್ತೇನೆ!"

"ಪಿಸ್ತೂಲಾ, ರಿವಾಲ್ವರಾ?"

"ಎರಡೂ ಒಂದೇ ಅಲ್ವಾ ಮಾವ?"

ಅಪ್ಪ ನಕ್ಕರು ನೋಡಿ! ಅಂಗಳದಲ್ಲಿದ್ದ ನೆಂಟರೂ ನಕ್ಕರು. "ಎರಡೂ ಒಂದೇ ಅಂತೆ" ಎಂದು ಅಪ್ಪ ಒಳಗಿದ್ದ ಅಡುಗೆಯವರಿಗೂ ಕೂಗಿ ಹೇಳಿದರು. ಆ ನಗು ಭಾವನ ಜೊತೆಯಲ್ಲೇ ವಿಮಾನ ಹತ್ತಿ ಒಮಾನಿಗೆ ಬಂತು.

ನಮ್ಮಂಥ ಪರದೇಶಿಗಳು ಅಲ್ಲಿ ಬಂದೂಕು ಇಟ್ಟುಕೊಳ್ಳುವ ಮಾತೇ ಇರಲಿಲ್ಲ. ಅದು ಭಾವನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಕೊಳ್ಳುವಂತಿಲ್ಲ ಎಂದ ಮಾತ್ರಕ್ಕೆ ಆರಿಸಬಾರದೆಂದು ಕಾನೂನಿದೆಯೆ? ಆಫೀಸಿನಲ್ಲಿ ಇಂಗ್ಲಿಷ್ ಇಂಜಿನಿಯರನೊಬ್ಬ ಬಿಟ್ಟುಹೋಗಿದ್ದ ಬೇಟೆಯ ಪತ್ರಿಕೆಗಳ ಕಟ್ಟನ್ನು ಮನೆಗೆ ಹೊತ್ತುತಂದರು. ಓದಿದ್ದನ್ನು ಊಟದ ಹೊತ್ತಿಗೆ ನಮಗೆ ಬಡಿಸತೊಡಗಿದರು. ಅರ್ಥವಾಗದಿದ್ದರೆ ಅಡುಗೆಮನೆಯ ಸಾಮಾನು ತಂದು ವಿವರಿಸುವರು.

"ರಿವಾಲ್ವರ್ ಅಂದ್ರೆ ಈ ಗುಳಿಯಪ್ಪದ ಕಾವಲಿ ಇದ್ದ ಹಾಗೆ ಮಾರಾಯ. ಒಂದೊಂದು ಗುಳಿಯಲ್ಲಿ ಒಂದೊಂದು ಗುಂಡು. ಒಂದು ಕೈಕೊಟ್ರೆ ಇನ್ನೊಂದ್ಸಲ ಒತ್ತು, ಚಕ್ರ ತಿರುಗಿ ಮುಂದಿನದ್ದು ಬರ್ತದೆ. ಪಿಸ್ತೂಲು ಅಂದ್ರೆ ಸೇಮಿಗೆ ಒತ್ತುವ ಮಣೆ. ಸುಮಾರು ಹಿಡಿಸ್ತದೆ, ಚಪ್ಪಟೆ ಇರ್ತದೆ, ಎಲ್ಲ ಸರಿ. ಆದ್ರೆ ಎಲ್ಲಾದರೂ ಒಂದು ಚೂರು ಸಿಕ್ಕಿಕೊಂಡ್ರೆ ಎಲ್ಲ ಖಲಾಸ್!"

"ನನ್ನ ಕಾವಲಿ ಇಲ್ಲಿ ಕೊಡಿ, ಹಿಟ್ಟು ಹುಳಿ ಬರ್ತಾ ಉಂಟು" ಎನ್ನುತ್ತಿದ್ದಳು ಅಕ್ಕ.

ಓದಿನಿಂದ ತೃಪ್ತಿಯಾಗದೆ ಭಾವ ಪ್ರಯೋಗಕ್ಕಿಳಿದರು. ಬರ್ಕಾದ ಆಟಿಕೆ ಅಂಗಡಿಯಿಂದ ಕೇಪು ಹೊಡೆಯುವ ಎರಡು ಪಿಸ್ತೂಲು ತಂದರು. ಒಂದಕ್ಕೆ ರಿವಾಲ್ವರಿನಂತೆ ತಿರುಗುವ ಕೆಂಪು ಪ್ಲಾಸ್ಟಿಕ್ಕಿನ ಬಳೆ ಕೇಪು, ಇನ್ನೊಂದಕ್ಕೆ ಪಿಸ್ತೂಲಿನ ಲೆಕ್ಕಕ್ಕೆ ಸುರುಳಿ ಕಾಗದದ ಕೇಪು. ವಾರದ ರಜೆಯ ಶುಕ್ರವಾರ ನಾವು ತಿರುಗಾಡಲು ಹೋದ ವಾದಿಯ ಮರಳಿನಲ್ಲಿ, ಅಂದರೆ ಗುಡ್ಡಗಳ ನಡುವಿನ ಒಣಹೊಳೆಯಲ್ಲಿ, ಎರಡನ್ನೂ ಹೂತಿಟ್ಟರು. ನಾವು ಊಟ ಮುಗಿಸಿದ ಮೇಲೆ ತೆಗೆದು ಹೊಡೆದರು. ಬಳೆಯದ್ದು ಟಪ್ ಟಪ್ ಎಂದಿತು. ಸುರುಳಿಯದ್ದು ಒಂದು ಸಲ ಹೊಗೆ ಬಿಟ್ಟು ಸುಮ್ಮನಾಯಿತು. ದೀಪಾವಳಿಗೆ ಸುರುಳಿ ಕೇಪು ಹೊಡೆದ ಯಾವ ಹುಡುಗನನ್ನು ಕೇಳಿದ್ದರೂ ಈ ಫಲಿತಾಂಶ ಪುಕ್ಕಟೆ ಸಿಗುತ್ತಿತ್ತು! ಆದರೂ ಭಾವ ಗಂಭೀರವಾಗಿ ಘೋಷಿಸಿದರು: "ಮರಳಿನ ದೇಶಕ್ಕೆ ರಿವಾಲ್ವರೇ ಸಮ."

ಆಯಿತಲ್ಲ, ಇನ್ನಾದರೂ ನೆಮ್ಮದಿ ಎಂದುಕೊಂಡೆವು. ಎಲ್ಲಿಯ ನೆಮ್ಮದಿ? ಮುಂದಿನ ವಾರವೇ ರುಸ್ತಾಕ್‌ಗೆ ಹೋದವರು ಕೋಟೆಯ ಹತ್ತಿರದ ಸಂತೆಯಲ್ಲಿ, ಕಠಾರಿಗೆ ಬೆಲ್ಟು ಹೊಲಿಯುವ ಮುದುಕನ ಮುಂದೆ ಹೋಗಿ ಕುಳಿತರು. ರಿವಾಲ್ವರಿಗೆ ಒಂದು ಚರ್ಮದ ಚೀಲ ಬೇಕು! ಮುದುಕ ಅಳತೆಗೆಂದು ಕೈಚಾಚಿ, "ವೇನ್ ಮುಸದ್ದಸ್?" ಎಂದ, ರಿವಾಲ್ವರು ಎಲ್ಲಿ ಎಂದು. ಭಾವ ಆಕಾಶ ನೋಡಿ, "ಬಾದೇನ್, ಇನ್‌ಶಾ ಅಲ್ಲಾ" ಎಂದರು. ಆಮೇಲೆ ಬರುತ್ತದೆ, ದೇವರು ಕೊಟ್ಟರೆ. ಕೊನೆಗೆ ಬಳೆ ಕೇಪಿನ ಆಟಿಕೆ ರಿವಾಲ್ವರಿನ ಅಳತೆಗೇ ಚೀಲ ಸಿದ್ಧವಾಯಿತು.

ಮುಂದಿನ ಶುಕ್ರವಾರದಿಂದ ಆ ಚೀಲ ಭಾವನ ಸೊಂಟಕ್ಕೆ ಏರಿತು. ಆಟಿಕೆಯನ್ನು ಹಾಗೆ ಕಟ್ಟಿಕೊಂಡರೆ ಯಾರಾದರೂ ನಿಜವೆಂದು ತಿಳಿದಾರು ಎಂದು ಅದನ್ನು ಮನೆಯಲ್ಲೇ ಬಿಟ್ಟರು. ಖಾಲಿ ಚೀಲ ಬಾಗುತ್ತದೆ ಎಂದು ಅದರಲ್ಲಿ ಒಂದು ಬಾಳೆಹಣ್ಣು ಇಟ್ಟರು. "ನೋಡು, ಪಿಸ್ತೂಲಿನ ಚೀಲ ಆಗಿದ್ರೆ ಹಣ್ಣು ಅಪ್ಪಚ್ಚಿ ಆಗ್ತಿತ್ತು" ಎಂದು ಅದರಲ್ಲೂ ರಿವಾಲ್ವರನ್ನೇ ಗೆಲ್ಲಿಸಿದರು.

ಒಮ್ಮೆ ಬರ್ಕಾದ ಬಳಿ ಪೊಲೀಸನೊಬ್ಬ ಪಿಕಪ್ ನಿಲ್ಲಿಸಿದ. ಅವನ ಕಣ್ಣು ಸೀದಾ ಸೊಂಟಕ್ಕೆ ಹೋಯಿತು. "ಯೇ ಕ್ಯಾ ಹೈ?" ಎಂದ. ಭಾವ ಎರಡೂ ಕೈ ಮೇಲೆತ್ತಿದರು. ಪೊಲೀಸನೇ ಗುಂಡಿ ಬಿಚ್ಚಿ, ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದರೆ ಬಂದದ್ದು ಬಾಳೆಹಣ್ಣು! ಅವನು ಹಣ್ಣನ್ನು ನೋಡಿದ, ಭಾವನನ್ನು ನೋಡಿದ. ಚೀಲದ ತಳದಲ್ಲಿ ಕರವಸ್ತ್ರ ಸುತ್ತಿದ ಇನ್ನೇನೋ ಇತ್ತು. ಅದನ್ನೂ ಬಿಚ್ಚಿ ನೋಡಿದವನು ಹಿಂದಿನ ಸೀಟಿನಲ್ಲಿದ್ದ ಅಕ್ಕನತ್ತ ಒಂದು ಸಲ ನೋಡಿ, ಮೊದಲಿನಂತೆಯೇ ಸುತ್ತಿ ಒಳಗಿಟ್ಟ. ಆಮೇಲೆ ಹಣ್ಣಿನ ಸಿಪ್ಪೆ ಸುಲಿದು ಅರ್ಧ ತಾನು ತಿಂದು, ಅರ್ಧ ಭಾವನಿಗೆ ಕೊಟ್ಟು, "ಯಲ್ಲಾ, ಜಾವ್" ಎಂದ, ಸರಿ ಹೊರಡು ಎಂದು. ನಾನೂ ಅಕ್ಕನೂ ನಗುವ ಭರದಲ್ಲಿ ಆ ಕರವಸ್ತ್ರವನ್ನು ಮರೆತೇಬಿಟ್ಟೆವು.

ಇಷ್ಟೆಲ್ಲ ತಯಾರಿ ಯಾವ ಶತ್ರುವಿಗಾಗಿ? ಆ ವಾದಿಗಳಲ್ಲಿ ನಮ್ಮ ಮೇಲೆ ದಂಡೆತ್ತಿ ಬಂದದ್ದು ಆಡುಗಳು ಮಾತ್ರ. ಅಕ್ಕ ಬೆಳಗಾತ ಎದ್ದು ಮಾಡಿದ್ದ ಪತ್ರೊಡೆಯ ಪಾತ್ರೆಗೆ ಒಂದು ಗಡ್ಡದ ಆಡು ಬಾಯಿ ಹಾಕಿದಾಗ ನಮ್ಮ ರಕ್ಷಕರು ಎಲ್ಲಿದ್ದರು? ಪಿಕಪ್ಪಿನೊಳಗೆ, ಗಾಜು ಏರಿಸಿಕೊಂಡು! "ರಿವಾಲ್ವರ್ ಇದ್ದಿದ್ರೆ ಹೇಳ್ತಿದ್ದೆ" ಎಂದು ಒಳಗಿನಿಂದಲೇ ಗುಡುಗಿದರು. ಅಕ್ಕ ಚಪ್ಪಲಿ ತೋರಿಸಿ ಆಡನ್ನು ಓಡಿಸಿದಳು.

ಆದರೂ ಕೊಟ್ಟ ಮಾತಿಗೆ ತಪ್ಪಲಿಲ್ಲ ಅವರು. ಧೂಳಿನ ದಿನಗಳಲ್ಲಿ ಮನೆಯಲ್ಲೇ ಇರುವುದು ವಾಸಿ ಎಂದು ಡಾಕ್ಟರು ಹೇಳಿದ್ದರು. ಉಳಿದ ಶುಕ್ರವಾರಗಳಲ್ಲಿ ಅಕ್ಕ ಬೆರಳು ತೋರಿಸಿದ ಕಡೆ ಪಿಕಪ್ ಹೋಗುತ್ತಿತ್ತು.

ಆ ಒಂದು ಶುಕ್ರವಾರವೂ ಆಕಾಶ ತಿಳಿಯಾಗಿಯೇ ಇತ್ತು. ರುಸ್ತಾಕ್ ದಾಟಿ, ಗುಡ್ಡಗಳ ನಡುವೆ ಒಳಗೆ ಹೋಗಿ ಚಾಪೆ ಹಾಸಿದ್ದೆವು. ಎಲ್ಲಿಂದಲೋ ಗಾಳಿ ಎದ್ದಿತು. ನೋಡನೋಡುತ್ತ ಎದುರಿನ ಗುಡ್ಡ ಧೂಳಿನಲ್ಲಿ ಮಾಯವಾಯಿತು. ಪಿಕಪ್ಪಿನತ್ತ ಓಡುವಷ್ಟರಲ್ಲಿ ಅಕ್ಕನಿಗೆ ಉಸಿರು ಹಿಡಿದುಕೊಂಡಿತು. ಅವಳ ಬ್ಯಾಗಿನಿಂದ ಇನ್ಹೇಲರ್ ತೆಗೆದು ಕೈಗಿಟ್ಟೆ. ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಖಾಲಿ! ಅವಳ ತುಟಿ ಕಪ್ಪಿಡುತ್ತಿತ್ತು. ಊರು ದೂರ, ಆಸ್ಪತ್ರೆ ಇನ್ನೂ ದೂರ. ನಾನು ಏನು ಮಾಡಬೇಕೆಂದು ತಿಳಿಯದೆ ಅವಳ ಬೆನ್ನು ಉಜ್ಜುತ್ತ ದೇವರ ಹೆಸರು ಹೇಳುತ್ತಿದ್ದೆ.

ಆಗ ಭಾವನ ಕೈ ಸೊಂಟಕ್ಕೆ ಹೋಯಿತು. ಚೀಲದ ಗುಂಡಿ ಟಕ್ಕನೆ ಬಿಚ್ಚಿಕೊಂಡಿತು. ಬಾಳೆಹಣ್ಣು ಹಾರಿ ಎಲ್ಲಿಯೋ ಬಿತ್ತು. ಕರವಸ್ತ್ರ ಬಿಚ್ಚಿತು. ಒಳಗಿದ್ದದ್ದು ಇನ್ನೊಂದು ಇನ್ಹೇಲರ್. ಕುಲುಕಿ, ಅಕ್ಕನ ಬಾಯಿಗಿಟ್ಟು, "ಎಳ್ಕೋ" ಎಂದರು. ಸ್ವಲ್ಪ ಹೊತ್ತಿಗೆ ಅಕ್ಕನ ಎದೆಯೊಳಗಿನ ಸೀಟಿಯ ಸದ್ದು ಇಳಿಯಿತು. ಕಣ್ಣು ತೆರೆದವಳು ಮೊದಲು ಆಡಿದ ಮಾತೇನು ಗೊತ್ತೆ?

"ಒಳ್ಳೆ ಹಣ್ಣು... ಯಾಕೆ ಬಿಸಾಡಿದ್ರಿ?"

"ಒಂದು ಕೈಕೊಟ್ರೆ ಮುಂದಿನದ್ದು ತಯಾರು ಇರ್ಬೇಕು ಅಂತ ನಾನು ಮೊದಲಿಂದ ಹೇಳ್ತಾ ಇಲ್ವಾ?" ಎಂದರು ಭಾವ. ಹಾಗೆಂದು ಪಿಕಪ್ಪಿನ ಹಿಂದಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಚಕ್ರಕ್ಕೆ ಒರಗಿ, ಮೊಣಕಾಲಿಗೆ ಮುಖ ಒತ್ತಿ ಅಳುತ್ತಿದ್ದರು.

ಮುಂದಿನ ರಜೆಗೆ ಊರಿಗೆ ಹೋದಾಗ ನವರಾತ್ರಿ. ಆಯುಧ ಪೂಜೆಯ ದಿನ ಅಪ್ಪ ಕೋವಿಗೆ ಎಣ್ಣೆ ಹಚ್ಚಿ, ಮಣೆಯ ಮೇಲೆ ಮಲಗಿಸಿ, ಹೂ ಏರಿಸಿದರು. ಅದರ ಪಕ್ಕ ಒಂದು ಕತ್ತಿ ಇಡುವುದಕ್ಕೂ ಅಪ್ಪ ಯಾರನ್ನೂ ಬಿಟ್ಟವರಲ್ಲ. ಭಾವನನ್ನು ಕಂಡೊಡನೆ ಹಳೆಯ ಪ್ರಶ್ನೆ ಬಂತು.

"ಮತ್ತೆ? ಪಿಸ್ತೂಲಾ, ರಿವಾಲ್ವರಾ? ಆಯ್ತಾ ನಿರ್ಧಾರ?"

ಅಕ್ಕ ಒಳಗೆ ಹೋಗಿ ಚೀಲವನ್ನು ತಂದು ಅಪ್ಪನ ಕೈಗೆ ಕೊಟ್ಟಳು. ವಾದಿಯಲ್ಲಿ ಆದದ್ದನ್ನು ಹೇಳಿದಳು. ಅಪ್ಪ ಗುಂಡಿ ಬಿಚ್ಚಿ, ಕರವಸ್ತ್ರ ಬಿಡಿಸಿ ನೋಡಿದರು. ನಗಲಿಲ್ಲ. ಆಮೇಲೆ ಮಣೆಯ ಬಳಿ ಕುಳಿತು, ತಮ್ಮ ಕೋವಿಯನ್ನು ಒಂದಿಷ್ಟು ಬದಿಗೆ ಸರಿಸಿ ಜಾಗ ಮಾಡಿದರು.

"ಲೋಡ್ ಉಂಟಾ?" ಎಂದು ಕೇಳಿದರು. ಅಪ್ಪನ ಸ್ವರ ಅಷ್ಟು ಮೆತ್ತಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಉಂಟು ಮಾವ. ಯಾವಾಗ್ಲೂ ಉಂಟು."

ಅಪ್ಪ ಆ ಚೀಲವನ್ನು ಕೋವಿಯ ಪಕ್ಕದಲ್ಲಿಟ್ಟು, ಮೊದಲ ಕುಂಕುಮವನ್ನು ಅದಕ್ಕೇ ಹಚ್ಚಿದರು.